ಫ್ಯಾನ್‌ಫೇರ್ ಮಾಸ್ಟ್ರು

ಇದನ್ನು ಬರೆಯದೆ ನಾನು ಬಹಳ ಕಾಲ ತಪ್ಪಿಸಿಕೊಂಡು ಓಡಾಡಿದ್ದೇನೆ. ಆ ಮನುಷ್ಯ ಇನ್ನೂ ಬದುಕಿದ್ದಾನೆ, ಈಗ ಬೇಡ ಎಂದುಕೊಂಡೆ. ಆತ ಸತ್ತ ಮೇಲೆ, ಸತ್ತವನ ಸುದ್ದಿ ಈಗೇಕೆ ಎಂದುಕೊಂಡೆ. ಆಮೇಲೆ ಕಣ್ಣಿನ ಪೊರೆ ತೆಗೆಸಿದ ಮೇಲೆ ನೋಡೋಣ ಎಂದೆ. ಅದೂ ಆಯಿತು. ಈಗ ಅಕ್ಷರಗಳು ಚೆನ್ನಾಗಿ ಕಾಣುತ್ತಿವೆ, ನೆಪ ಮಾತ್ರ ಒಂದೂ ಕಾಣುತ್ತಿಲ್ಲ.

ಆತನ ಹೆಸರನ್ನು ಬರೆಯುವುದಿಲ್ಲ. ಕಲ್ಯಾಣದುರ್ಗದಲ್ಲಿ ಆತನ ಮಕ್ಕಳಿದ್ದಾರೆ, ಅವರು ನನಗೇನೂ ಕೆಡುಕು ಮಾಡಿಲ್ಲ. ನಮ್ಮ ಶಾಲೆಯಲ್ಲಿ ಎಲ್ಲರೂ ಬೆನ್ನ ಹಿಂದೆ ಫ್ಯಾನ್‌ಫೇರ್ ಮಾಸ್ಟ್ರು ಅನ್ನುತ್ತಿದ್ದರು. ಇಲ್ಲಿಗೆ ಅಷ್ಟು ಸಾಕು. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿದೆ. ಹಾಗೆಂದು ಆತನ ಮೇಲಿದ್ದ ತಾತ್ಸಾರ ಹೋಗಿಲ್ಲ. ಎರಡೂ ಒಂದೇ ಎದೆಯಲ್ಲಿ ಇರಬಲ್ಲವು ಎಂದು ನನಗೆ ವಯಸ್ಸಾದ ಮೇಲೆ ತಿಳಿಯಿತು.

ನಾನು ಹತ್ತನೇ ತರಗತಿ ಪಾಸಾದವನು. ಹಿಂದೂಪುರದ ಮದುವೆ ಬ್ಯಾಂಡ್ ಸೆಟ್ಟೊಂದರಲ್ಲಿ ಕ್ಲಾರಿನೆಟ್ ಊದುತ್ತಿದ್ದೆ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಊರಿನ ಒಂದು ಖಾಸಗಿ ಹೈಸ್ಕೂಲಿನವರು ಮಕ್ಕಳ ಬ್ಯಾಂಡ್ ಶುರುಮಾಡಿ ನನ್ನನ್ನು ಸಹಾಯಕನಾಗಿ ಸೇರಿಸಿಕೊಂಡರು. ಮಾಸ್ಟರಾಗಿ ಬಂದವನು ಈತ. ಪೊಲೀಸ್ ಬ್ಯಾಂಡಿನಲ್ಲಿದ್ದು ರಿಟೈರ್ ಆದವನು. ಮೊದಲ ದಿನವೇ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ನೊಟೇಶನ್ ಓದ್ತೀಯೇನಯ್ಯಾ?"

"ಇಲ್ಲ ಸಾರ್. ಕಿವಿ ಮೇಲೇ ಊದೋದು."

"ಕಿವಿ ಮೇಲೆ ಕನ್ನಡಕ ಇಕ್ಕೋತಾರೆ ಕಣಯ್ಯಾ, ಬ್ಯಾಂಡ್ ಊದಲ್ಲ."

ಮಕ್ಕಳು ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ, ಇವನಿಗೊಂದು ದಿನ ಇದೆ ಎಂದುಕೊಂಡೆ.

ಆತನ ವೇಷವನ್ನು ಹೇಳಬೇಕು. ಬಿಳಿ ಕ್ಯಾನ್ವಾಸ್ ಬೂಟು. ಅದು ಕೊಳೆಯಾದ ಕಡೆಯೆಲ್ಲ ತರಗತಿಯಿಂದ ಎತ್ತಿಕೊಂಡು ಬಂದ ಸೀಮೆಸುಣ್ಣ ಉಜ್ಜುತ್ತಿದ್ದ. ಅದಕ್ಕಾಗಿ ಯಾವಾಗಲೂ ಜೇಬಿನಲ್ಲಿ ಒಂದು ತುಂಡು ಇರುತ್ತಿತ್ತು. ಮೀಸೆಗೆ ಕಪ್ಪು ಬಣ್ಣ. ಬಿಸಿಲಿನಲ್ಲಿ ಪೆರೇಡ್ ನಡೆದರೆ ಆ ಬಣ್ಣ ಬೆವರಿನ ಜೊತೆ ಇಳಿದು ತುಟಿಯ ಮೂಲೆಗೆ ಬರುತ್ತಿತ್ತು. ಕೈಯಲ್ಲಿ ಮುರಿದ ಕೊಡೆಯ ಕಡ್ಡಿ. ಅದನ್ನು ಬೇಟನ್ ಎಂದು ಕರೆಯದಿದ್ದರೆ ಕೋಪ ಬರುತ್ತಿತ್ತು. ಮಕ್ಕಳ ಟಿಫಿನ್ ಡಬ್ಬಿ ತೆರೆದಾಗಲೆಲ್ಲ ಅಲ್ಲಿ ಆತ ಹಾಜರು. "ಡಿಸಿಪ್ಲಿನ್ ನೋಡೋಣ" ಎನ್ನುತ್ತಲೇ ಚಿತ್ರಾನ್ನಕ್ಕೆ ಕೈ ಹಾಕುತ್ತಿದ್ದ. ಗವರ್ನರ ಮುಂದೆ ನಿಂತು ಊದಿದ ಕಥೆಯನ್ನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ. ಪ್ರತಿ ಸಲವೂ ಗವರ್ನರು ಆತನ ಹೆಗಲಿನ ಮೇಲೆ ಕೈ ಇಡುವ ಹೊತ್ತು ಸ್ವಲ್ಪ ಹೆಚ್ಚಾಗುತ್ತಿತ್ತು. ಆದರೆ ಆತ ಟ್ರಂಪೆಟ್ಟನ್ನು ತುಟಿಗೆ ಇಟ್ಟದ್ದನ್ನು ನಮ್ಮಲ್ಲಿ ಯಾರೂ ನೋಡಲಿಲ್ಲ. ಕೇಳಿದರೆ ಮುಂದಿನ ಹಲ್ಲು ತೋರಿಸಿ, "ಕಟ್ಟಿಸಿದ್ದು ಕಣಯ್ಯಾ, ಗಾಳಿ ಸೋರ್ತೈತೆ" ಎನ್ನುತ್ತಿದ್ದ.

ಆಟದ ಸಾಮಾನಿನ ಕೋಣೆಯಲ್ಲಿ ತುಕ್ಕು ಹಿಡಿದ ಒಂದು ಬೀರು ಇತ್ತು. ಅದರ ಕೆಳಗಿನ ಖಾನೆಯಲ್ಲಿ ಬ್ಯಾಂಡಿನ ನೊಟೇಶನ್ ಹಾಳೆಗಳು. ಪ್ರಾರ್ಥನೆ, ದೇಶಭಕ್ತಿ ಗೀತೆ, ನಡೆಯುವಾಗ ಊದುವ ಎರಡು ಮೂರು ಮಾರ್ಚು, ಅಷ್ಟೇ. ಬೇಕರಿಯವನ ಹತ್ತಿರ ಪೊಟ್ಟಣ ಕಟ್ಟಲು ಇದಕ್ಕಿಂತ ಹೆಚ್ಚು ಕಾಗದ ಇರುತ್ತದೆ. ಆತ ಮಾತ್ರ ಅದರ ಬಾಗಿಲಿನ ಮೇಲೆ ಬಿಳಿ ಪೇಂಟಿನಲ್ಲಿ ಮ್ಯೂಸಿಕ್ ಲೈಬ್ರರಿ ಎಂದು ಬರೆಸಿದ್ದ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದ. ಎಲ್ಲಕ್ಕಿಂತ ಕೆಳಗೆ, ಪ್ಲಾಸ್ಟಿಕ್ ಚೀಲದೊಳಗೆ, ಆತನೇ ಕೈಯಾರೆ ನಕಲು ಮಾಡಿದ ಕೆಲವು ಹಾಳೆಗಳಿದ್ದವು. ಅದೇ ಫ್ಯಾನ್‌ಫೇರ್.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ದೊಡ್ಡ ಅತಿಥಿ ಬಂದು ನಿಂತಾಗ ಡ್ರಮ್ಮು ಗುಡುಗುತ್ತದೆ, ಆಮೇಲೆ ಟ್ರಂಪೆಟ್ಟುಗಳು ಮಾತ್ರ ಸ್ವಲ್ಪ ಹೊತ್ತು ಗಟ್ಟಿಯಾಗಿ ಊದಿ ಸಲಾಮು ಹೇಳುತ್ತವೆ. ಅದು ಫ್ಯಾನ್‌ಫೇರ್. ಬೇರೆ ಶಾಲೆಯವರು ನಾಲ್ಕು ಸ್ವರ ಊದಿ ಮುಗಿಸುತ್ತಿದ್ದರು. ಈತನದು ಮಕ್ಕಳ ಕೈಗೆ ಕೊಡುವಂಥದ್ದೇ ಅಲ್ಲ. ಮೂರು ಸಲ ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹೋಗಬೇಕು. ನಾಲಿಗೆ ತತಕ ತತಕ ಎಂದು ಓಡುತ್ತಿರಬೇಕು. ಮೂರನೆಯ ಮೆಟ್ಟಿಲಿಗೆ ಮುಂಚೆ ಉಸಿರು ತೆಗೆಯಲು ಜಾಗವೇ ಇಲ್ಲ, ಕದ್ದು ತೆಗೆದುಕೊಳ್ಳಬೇಕು. ಅದಾದ ಮೇಲೆ ಮೊದಲನೆಯ ಟ್ರಂಪೆಟ್ಟು ನೆತ್ತಿಯ ಮೇಲಿನ ಒಂದೇ ಸ್ವರವನ್ನು ಹಿಡಿದು ನಿಲ್ಲಬೇಕು.

ಯಾವ ಸಮಾರಂಭ ಬಂದರೂ ಆತ ಆ ಚೀಲವನ್ನು ಹೊರಗೆ ತೆಗೆಯುತ್ತಿದ್ದ. ಹುಡುಗರು ಒಂದು ವಾರ ಹಂದಿ ಕಿರುಚಿದ ಹಾಗೆ ಕಿರುಚಿಸುತ್ತಿದ್ದರು. ಆಮೇಲೆ ಆತ, "ಇನ್ನೂ ಹದ ಬಂದಿಲ್ಲ" ಎಂದು ಹಾಳೆಗಳನ್ನು ಒಳಗಿಟ್ಟು ಕೀಲಿ ಹಾಕುತ್ತಿದ್ದ. ಕಸ ಗುಡಿಸುವ ಆಯಮ್ಮ ಪೊರಕೆ ಊರಿಕೊಂಡು ನಿಂತು ಕೇಳುತ್ತಿದ್ದಳು: "ಏನ್ ಮಾಸ್ಟ್ರೇ, ಈ ಸಲನಾದ್ರೂ ಹೆರಿಗೆ ಆಯ್ತದಾ ಇಲ್ವಾ? ಬರೀ ನೋವೇ ಕೇಳ್ತಾ ಇವ್ನಿ."

ಒಂದು ಗುಣವನ್ನು ಮಾತ್ರ ಇಲ್ಲವೆನ್ನಲಾರೆ. ಆತ ಆ ಫ್ಯಾನ್‌ಫೇರನ್ನು ಬಾಯಿಯಲ್ಲಿ ಹಾಡಿ ತೋರಿಸುತ್ತಿದ್ದ. ಕಣ್ಣು ಮುಚ್ಚಿ, ಕಡ್ಡಿ ಎತ್ತಿ, ಮೂರೂ ಟ್ರಂಪೆಟ್ಟುಗಳ ಪಾಲನ್ನು ಒಂದಾದ ಮೇಲೊಂದು ಹಾಡುವಾಗ ಮಾತ್ರ ಆತ ಸುಳ್ಳನಂತೆ ಕಾಣುತ್ತಿರಲಿಲ್ಲ. ನಾನು ಅದನ್ನು ಕಲಿತದ್ದು ಹಾಗೆಯೇ, ಆತನ ಬಾಯಿಂದ, ನನ್ನ ಕಿವಿಯಿಂದ. ಆತನಿಗೆ ಅದು ಗೊತ್ತಿರಲಿಲ್ಲ.

ಮೂರನೆಯ ವರ್ಷ ಒಂದು ಹುಡುಗಿ ಬ್ಯಾಂಡಿಗೆ ಬಂದಳು. ಎಂಟನೇ ತರಗತಿ. ಮನೆಯಲ್ಲಿ ಪವರ್‌ಲೂಮು, ಅಪ್ಪ ರೇಷ್ಮೆ ಸೀರೆ ನೇಯುವವನು. ಹಗಲೆಲ್ಲ ಮಗ್ಗದ ಸದ್ದಿನ ಮೇಲೆ ಕೂಗಿ ಮಾತಾಡಿ ಬೆಳೆದವಳಾದ್ದರಿಂದಲೋ ಏನೋ, ಅವಳ ಎದೆಯಲ್ಲಿ ಗಾಳಿ ತುಂಬಾ ಇತ್ತು. ಟ್ರಂಪೆಟ್ ಕೊಟ್ಟ ದಿನವೇ ನೆಟ್ಟಗೆ ಸ್ವರ ಹಿಡಿದಳು. ಮಾಸ್ಟ್ರು ಓಡಿ ಹೋಗಿ ಬೀರುವಿನ ಕೀಲಿ ತೆಗೆದ.

ಆದರೆ ಹಾಳೆ ಮುಂದಿಟ್ಟರೆ ಅವಳ ಬಾಯಿ ಕಟ್ಟುತ್ತಿತ್ತು. ಚುಕ್ಕೆಗಳನ್ನು ಎಣಿಸುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ನಾನು ಅವಳನ್ನು ಸೈಕಲ್ ನಿಲ್ಲಿಸುವ ತಗಡಿನ ಚಪ್ಪರದ ಕೆಳಗೆ ಕರೆದುಕೊಂಡು ಹೋಗಿ ಬಾಯಿಪಾಠ ಮಾಡಿಸಿದೆ. "ಹಾಳೆ ಬುಡು ಪಾಪ, ನನ್ ಮಕ ನೋಡು" ಎಂದು ಹಾಡಿ ಹೇಳಿಕೊಟ್ಟೆ. ಉಸಿರು ಕದಿಯುವ ಜಾಗ ಬಂದಾಗ ನಾನು ಗದ್ದ ಎತ್ತುತ್ತಿದ್ದೆ, ಅವಳು ಚಕ್ಕನೆ ಗಾಳಿ ಎಳೆದುಕೊಳ್ಳುತ್ತಿದ್ದಳು. ಒಂದು ದಿನ ಆ ಮೇಲಿನ ಸ್ವರ ಬಂತು. ತಗಡು ಝಲ್ಲೆಂದಿತು. ಅವಳೇ ಹೆದರಿ ಟ್ರಂಪೆಟ್ಟನ್ನು ಕೆಳಗಿಳಿಸಿ, "ನಾನಾ ಸಾರ್?" ಎಂದಳು.

ನಿಜ ಹೇಳಬೇಕೆಂದರೆ ನಾನು ಇದನ್ನು ಮಾಡಿದ್ದು ಅವಳಿಗಾಗಿ ಅಲ್ಲ. ಕಿವಿಯ ವಿದ್ಯೆಯೇ ದೊಡ್ಡದೆಂದು ಆತನ ಮುಖಕ್ಕೆ ಹೊಡೆದ ಹಾಗೆ ತೋರಿಸಬೇಕಾಗಿತ್ತು. ಅವಳು ಊದಿದ್ದನ್ನು ಆತ ಕೇಳಿದ, ತಲೆ ಅಲ್ಲಾಡಿಸಿದ, ಆಮೇಲೆ ಎಲ್ಲ ಮಕ್ಕಳ ಎದುರಿಗೆ ನನ್ನ ಕಡೆ ತಿರುಗಿದ.

"ಮದ್ವೆ ಮನೆ ವಿದ್ಯೆ ಹತ್ತಿಸ್ಬುಟ್ಯಾ ಪಾಪಂಗೆ? ಹಾಳೆ ನೋಡ್ದೆ ಊದೋರು ಬಸ್ ಸ್ಟ್ಯಾಂಡ್‌ನಾಗೆ ತಟ್ಟೆ ಇಕ್ಕೊಂಡು ಊದ್ತಾರೆ ಕಣಯ್ಯಾ."

ಮಧ್ಯಾಹ್ನ ಶಾಲೆ ನಡೆಸುವ ಕರೆಸ್ಪಾಂಡೆಂಟ್ ಕೋಣೆಗೆ ಹೋಗಿ, ಹುಡುಗಿಯನ್ನು ತಾನೇ ತಯಾರು ಮಾಡಿದೆ ಎಂದು ಹೇಳಿ ಚಹಾ ಕುಡಿದು ಬಂದ.

ಆ ಹೊತ್ತಿಗೆ ಅವಳ ಅಪ್ಪ ಶಾಲೆಗೆ ಬಂದ. ಒಳ್ಳೆಯ ಮನುಷ್ಯ, ಕೈಯಲ್ಲಿ ಬಣ್ಣದ ಕಲೆ. ಬ್ಯಾಂಡಿನಿಂದ ಮಗಳ ಹೆಸರು ತೆಗೆಯಿರಿ ಎಂದ.

"ಹೆಣ್ಣುಡ್ಗಿ ಬಾಯಿಗೆ ಕೊಳವೆ ಇಕ್ಕೊಂಡು ಕೆನ್ನೆ ಉಬ್ಬಿಸ್ಕೊಂಡು ನಿಂತ್ರೆ ನೆಂಟ್ರು ಏನಂತಾರೆ ಸಾರ್? ಅವ್ಳು ಮನೇನಾಗೂ ಅದೇ ಗ್ಯಾನ. ಕಂಡಿಕೆಗೆ ನೂಲು ಸುತ್ತೋವಾಗ್ಲೂ ತತಕ ತತಕ ಅಂತಾಳೆ."

ಹುಡುಗಿ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. ಮಾಸ್ಟ್ರು ಆತನ ಹೆಗಲಿನ ಮೇಲೆ ಕೈ ಇಟ್ಟ, ಕಥೆಯ ಗವರ್ನರು ಇಟ್ಟ ಹಾಗೆಯೇ.

"ಮುಂದಿನ ತಿಂಗ್ಳು ಕಲ್ಯಾಣದುರ್ಗದಾಗೆ ನಮ್ ಬ್ರಾಂಚ್ ಸ್ಕೂಲ್ ಓಪನಿಂಗ್. ನೀನೂ ಬಾರಯ್ಯಾ. ದೊಡ್ದೊಡ್ಡೋರೆಲ್ಲ ಎದ್ದು ನಿಂತು ನಿನ್ ಮಗಳು ಊದೋದ್ನ ಕೇಳ್ತಾರೆ. ಅದ್ನ ನೋಡಿದ್ಮೇಲೂ ಬ್ಯಾಡ ಅಂದ್ರೆ ನಾನೇ ಟ್ರಂಪೆಟ್ ಕಿತ್ಕೊಂಡು ಮನೆಗೆ ಕಳಿಸ್ತೀನಿ."

"ಸರಿ ಸಾರ್," ಎಂದ ಅಪ್ಪ. "ಚೆನ್ನಾಗಿ ಊದಿದ್ರೆ ಊದ್ಲಿ. ನಾಲ್ಕು ಜನದ್ ಮುಂದೆ ನಗೆಪಾಟ್ಲಾದ್ರೆ ಮಾತ್ರ ಅವತ್ತೇ ಕೊನೆ."

ನಾನು ಅಲ್ಲೇ ನಿಂತಿದ್ದೆ. ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡೆ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಲು ನನಗೆ ದಾರಿಯಿಲ್ಲ.

ಈಗ ಹುಣಸೆಹಣ್ಣಿನ ವಿಷಯ. ಮದುವೆ ಬ್ಯಾಂಡಿನವರಲ್ಲಿ ಒಂದು ಹಳೆಯ ಕುಚೇಷ್ಟೆ ಇದೆ. ಎರಡು ಮೆರವಣಿಗೆ ಒಂದೇ ಬೀದಿಗೆ ಬಂದರೆ, ನಮ್ಮವನೊಬ್ಬ ಹೋಗಿ ಎದುರಾಳಿ ಬ್ಯಾಂಡಿನ ಮುಂದೆ ನಿಂತು ಹುಣಸೆಹಣ್ಣು ಚೀಪುತ್ತಾನೆ. ಚಪ್ಪರಿಸಿ, ಕಣ್ಣು ಕಿವುಚಿ, ಚೆನ್ನಾಗಿ ಕಾಣುವ ಹಾಗೆ. ನೋಡಿದವನ ಬಾಯಲ್ಲಿ ನೀರು ತುಂಬುತ್ತದೆ, ತುಟಿ ಸಡಿಲವಾಗುತ್ತದೆ, ಸ್ವರ ಒಡೆಯುತ್ತದೆ. ಊದುವವನು ಬೈಯುತ್ತಾನೆ, ಎಲ್ಲರೂ ನಗುತ್ತಾರೆ, ಊಟದ ಹೊತ್ತಿಗೆ ಒಟ್ಟಿಗೆ ಕೂರುತ್ತೇವೆ. ಹಿಂದೂಪುರದಲ್ಲಿ ಹುಣಸೆಗೆ ಬರವೇ? ಹೊಸ ಹಣ್ಣು ಮಾರುಕಟ್ಟೆಗೆ ಬಂದ ದಿನಗಳಲ್ಲಿ ಇಡೀ ಬೀದಿಯೇ ಹುಳಿ ನಾರುತ್ತದೆ. ಕಲ್ಯಾಣದುರ್ಗಕ್ಕೆ ಹೊರಟ ಬೆಳಿಗ್ಗೆ ನಾನು ಉಪ್ಪು ಖಾರ ಹಚ್ಚಿದ ಒಂದು ಉಂಡೆಯನ್ನು ಜೇಬಿಗೆ ಹಾಕಿಕೊಂಡಿದ್ದೆ. ಬಸ್ಸಿನಲ್ಲಿ ಬಾಯಾಡಿಸಲು ಎಂದು ನನಗೆ ನಾನೇ ಹೇಳಿಕೊಂಡೆ.

ಕಲ್ಯಾಣದುರ್ಗ ಆತನ ಊರು. ಬಸ್ಸಿನಿಂದ ಇಳಿದ ತಕ್ಷಣ ಆತನ ನಡಿಗೆಯೇ ಬದಲಾಯಿತು. ಅಂಗಡಿ ಅಂಗಡಿಯವರಿಗೂ ಕೈ ಎತ್ತುತ್ತಾ ಹೋದ. ಪಂದಲಿನ ಹತ್ತಿರ ಆತನ ನೆಂಟರು, ಹಳೆಯ ಸ್ನೇಹಿತರು ಸೇರಿದ್ದರು. ಅವರಲ್ಲೊಬ್ಬ ನನ್ನನ್ನು ತೋರಿಸಿ ಇವರು ಯಾರು ಎಂದು ಕೇಳಿದ.

"ಇವ್ನಾ? ಸಾಮಾನು ಹೊರಾಕೆ ಕರ್ಕೊಂಡು ಬಂದಿವ್ನಿ" ಎಂದ ಮಾಸ್ಟ್ರು.

ಅತಿಥಿಗಳು ಬಂದದ್ದು ಬಹಳ ತಡವಾಗಿ. ಮಕ್ಕಳು ಬಿಸಿಲಿನಲ್ಲಿ ಸಾಲಾಗಿ ನಿಂತೇ ಇದ್ದರು. ಬೆಳಿಗ್ಗೆ ಬಸ್ಸಿನಲ್ಲಿ ಕೊಟ್ಟ ಬನ್ನು ಬಿಟ್ಟರೆ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಆತ ಮಾತ್ರ ಒಳಗೆ ಹೋಗಿ ಕೇಸರಿಬಾತು ತಿಂದು, ಮೀಸೆ ಒರೆಸಿಕೊಂಡು ಬಂದಿದ್ದ.

ಫ್ಯಾನ್‌ಫೇರಿಗೆ ಕ್ಲಾರಿನೆಟ್ ಬೇಡ. ನಾನು ಮಾಸ್ಟ್ರ ಬೆನ್ನ ಹಿಂದೆ, ಟ್ರಂಪೆಟ್ಟಿನ ಮಕ್ಕಳಿಗೆ ಎದುರಾಗಿ ನಿಂತೆ. ಡ್ರಮ್ಮು ಗುಡುಗಿತು. ಜನ ಎದ್ದು ನಿಂತರು. ಸಾಲಿನ ಕೊನೆಯಲ್ಲಿ ಆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ. ಕಡ್ಡಿ ಮೇಲೆದ್ದಿತು. ನಾನು ಹುಣಸೆಯನ್ನು ಬಾಯಿಗೆ ಹಾಕಿಕೊಂಡೆ.

ಯಾರನ್ನು ಕೆಡಿಸಬೇಕೆಂದಿದ್ದೆ? ಎರಡನೆಯ ಮೂರನೆಯ ಟ್ರಂಪೆಟ್ಟಿನ ಹುಡುಗರನ್ನು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅವರಿಬ್ಬರೂ ಮಾಸ್ಟ್ರು ಕಲಿಸಿದ ಹಾಗೆ ಹಾಳೆಯಿಂದ ಕಣ್ಣು ಎತ್ತಲೇ ಇಲ್ಲ. ನಾನು ಕುಣಿದಿದ್ದರೂ ಅವರಿಗೆ ಕಾಣುತ್ತಿರಲಿಲ್ಲ. ತಲೆ ಎತ್ತಿ ನಿಂತಿದ್ದವಳು ಅವಳೊಬ್ಬಳೇ, ಬಾಯಿಪಾಠ ಮಾಡಿದ್ದವಳು. ಮೊದಲ ಮೆಟ್ಟಿಲು ಹತ್ತಿದಳು. ಎರಡನೆಯದನ್ನೂ ಹತ್ತಿದಳು. ಪಂದಲಿನಲ್ಲಿ ಒಂದು ಉಸಿರೂ ಕೇಳಿಸುತ್ತಿರಲಿಲ್ಲ. ಆಮೇಲೆ ಉಸಿರು ಕದಿಯುವ ಜಾಗ ಬಂತು. ಅವಳು ನನ್ನ ಗದ್ದದ ಕಡೆಗೆ ನೋಡಿದಳು.

ಆ ಕ್ಷಣದಲ್ಲಾದರೂ ಉಗುಳಬಹುದಿತ್ತು. ನಾನು ಚಪ್ಪರಿಸಿದೆ.

ಅವಳ ಗಂಟಲು ಗುಟುಕರಿಸಿದ್ದು ಕಂಡಿತು. ಟ್ರಂಪೆಟ್ಟಿನಿಂದ ಸ್ವರ ಬರಲಿಲ್ಲ, ಹುಕ್ಕಾ ಎಳೆದ ಹಾಗೆ ಗುಳುಗುಳು ಸದ್ದು ಬಂತು. ಮತ್ತೆ ಊದಿದಳು. ಎಮ್ಮೆ ಕರು ಕೂಗಿದ ಹಾಗಾಯಿತು. ಮೊದಲು ಹಿಂದಿನ ಸಾಲಿನ ಹುಡುಗರು ನಕ್ಕರು, ಆಮೇಲೆ ಇಡೀ ಪಂದಲು. ವೇದಿಕೆಯ ಮೇಲಿದ್ದ ಅತಿಥಿ ಕರವಸ್ತ್ರ ಬಾಯಿಗೆ ಅಡ್ಡ ಹಿಡಿದರು. ಮಾಸ್ಟ್ರು ಡ್ರಮ್ಮಿನವನಿಗೆ ಕೈಸನ್ನೆ ಮಾಡಿ ಜೋರಾಗಿ ಬಾರಿಸಿ ಎಲ್ಲವನ್ನೂ ಮುಚ್ಚಿಸಿದ. ಹಿಂದಕ್ಕೆ ತಿರುಗಿ ಒಂದು ಸಲ ನನ್ನನ್ನು ನೋಡಿದ. ನಾನು ಹುಣಸೆಯನ್ನು ಬೀಜ ಸಮೇತ ನುಂಗಿದೆ.

ಅಪ್ಪ ಬೈಯಲಿಲ್ಲ. ಹತ್ತಿರ ಬಂದು, "ಸಾಕು ನಡಿಯಮ್ಮ" ಎಂದ, ಅಷ್ಟೇ. ನಮ್ಮ ಬಸ್ಸಿಗೂ ಕಾಯದೆ ಅವಳನ್ನು ಬೇರೆ ಬಸ್ಸಿನಲ್ಲಿ ಕರೆದುಕೊಂಡು ಹೋದ. ಸೋಮವಾರ ಟ್ರಂಪೆಟ್ಟು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಶಾಲೆಗೆ ವಾಪಸು ಬಂತು. ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ಫಳಫಳ ಹೊಳೆಯುವ ಹಾಗೆ ಉಜ್ಜಿದ್ದರು.

ಆ ವರ್ಷದ ಕೊನೆಗೆ ಕರೆಸ್ಪಾಂಡೆಂಟ್ ಮಾಸ್ಟ್ರನ್ನು ಕೆಲಸದಿಂದ ಕಳಿಸಿದರು. ಬೀರುವಿನ ಕೀಲಿ ನನ್ನ ಕೈಗೆ ಬಂತು. ಆತನಿಗಿಂತ ಕೆಟ್ಟ ಮಾಸ್ಟರಾದೆ. ಆತನಾದರೂ ಮಕ್ಕಳ ಕೈಯಲ್ಲಿ ಆಗದ್ದನ್ನು ಆಸೆಪಟ್ಟ. ನಾನು ಅವರ ಕೈಯಲ್ಲಿ ಆಗುವುದನ್ನಷ್ಟೇ ಊದಿಸಿ ಸಂಬಳ ತೆಗೆದುಕೊಂಡೆ.

ಕೆಲವು ವರ್ಷಗಳ ಮೇಲೆ ಆತನಿಗೆ ಲಕ್ವ ಹೊಡೆದಿದೆ ಎಂದು ಕೇಳಿ, ಮನಸ್ಸು ಗಟ್ಟಿಮಾಡಿಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದೆ. ದಾರಿಯಲ್ಲಿ ಕುಂದುರ್ಪಿ ದಾಟುವವರೆಗೂ ವಾಪಸು ಹೋಗಿಬಿಡಲೇ ಎಂದು ಯೋಚಿಸುತ್ತಲೇ ಇದ್ದೆ. ಆತ ಜಗುಲಿಯ ಮಂಚದ ಮೇಲೆ ಒರಗಿದ್ದ. ನಾಲಿಗೆ ಸ್ವಲ್ಪ ತೊದಲುತ್ತಿತ್ತು, ಕೊಬ್ಬು ಮಾತ್ರ ಹಾಗೇ ಇತ್ತು. ನಾನು ಎಲ್ಲವನ್ನೂ ಹೇಳಿ ಮುಗಿಸಿದೆ.

"ಗೊತ್ತು ಬಿಡಯ್ಯಾ," ಎಂದ. "ಅವತ್ತೇ ಹುಳಿ ವಾಸ್ನೆ ಬಂದಿತ್ತು. ನಿನ್ನ ಜಾತಕ ನಂಗೊತ್ತಿಲ್ವಾ?"

"ಮತ್ತೆ ಯಾಕೆ ಯಾರ್ಗೂ ಹೇಳ್ಲಿಲ್ಲ ಸಾರ್?"

"ಏನಂತ ಹೇಳ್ಲಿ? ನನ್ನೂರ್ನಾಗೆ, ನನ್ನ ಬೆನ್ನ ಹಿಂದೇನೇ ನನ್ನ ಅಸಿಸ್ಟೆಂಟು ಹುಣಸೆಹಣ್ಣು ಚೀಪಿ ನನ್ನ ಬ್ಯಾಂಡ್ ಕೆಡಿಸ್ದ ಅಂತಾನಾ? ಬ್ಯಾಂಡ್ ಮಾಸ್ಟರ್ ಅನ್ನೋ ಹೆಸ್ರು ಉಳೀತಿತ್ತಾ? ಪಾಪಂಗೆ ಬರ್ಲಿಲ್ಲ ಅಂದೆ. ಚಿಕ್ಕುಡ್ಗಿ, ಜನ ಮರ್ತು ಬಿಡ್ತಾರೆ."

ಅಷ್ಟು ಸಲೀಸಾಗಿ ಹೇಳಿದ. ನನಗೆ ಮೈ ಉರಿಯಿತು. ಲಕ್ವ ಹೊಡೆದವನನ್ನು ನೋಯಿಸಬೇಕೆಂದೇ ಕೇಳಿದೆ: "ನೀವು ನಿಜವಾಗ್ಲೂ ಟ್ರಂಪೆಟ್ ಊದ್ತಿದ್ರಾ ಸಾರ್?"

ಬಾಯಿಯ ಒಂದು ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು.

"ತಾಳ ಹೊಡೀತಿದ್ದೆ," ಎಂದ. "ಸರ್ವೀಸ್ ಪೂರ್ತಿ ತಾಳಾನೇ. ಫ್ಯಾನ್‌ಫೇರ್‌ನಾಗೆ ತಾಳಕ್ಕೆ ಕೆಲ್ಸ ಇಲ್ಲ ಕಣಯ್ಯಾ. ಎರಡು ತಟ್ಟೆ ಎದೆಗಾನಿಸ್ಕೊಂಡು ಅವ್ರು ಊದೋದ್ನ ಕೇಳ್ತಾ ನಿಂತಿರ್ತಿದ್ದೆ." ಆಮೇಲೆ "ಚಾಲು, ಇಂಕ ಪೋ" ಎಂದು ತೆಲುಗಿನಲ್ಲಿ ಗದರಿ ಹೋಗೆಂದ. ನಾನು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೂಗಿದ: "ನನ್ನ ಹತ್ರ ಬಂದು ಯಾಕೆ ಅಳ್ತೀಯ? ಅವತ್ತು ಊದಿದ್ದು ನಾನಾ?"

ಆತ ಹೇಳಿದ ಒಂದೇ ಒಂದು ಸರಿಯಾದ ಮಾತು ಅದು. ಅದನ್ನೂ ಹೇಳಬೇಕಾದ ರೀತಿಯಲ್ಲಿ ಹೇಳಲಿಲ್ಲ.

ಹಿಂದೂಪುರಕ್ಕೆ ಬಂದ ಮೇಲೂ ನಾನು ಅವಳ ಬೀದಿಗೆ ಹೋಗಲಿಲ್ಲ. ಮುಂದಿನ ಯುಗಾದಿಯ ಆಸುಪಾಸಿನಲ್ಲಿ, ಸಂತೆಯಲ್ಲಿ ತರಕಾರಿ ಆರಿಸುತ್ತಿದ್ದಾಗ ಅವಳೇ ನನ್ನನ್ನು ಗುರುತು ಹಿಡಿದಳು. ಮದುವೆಯಾಗಿತ್ತು. ಗಂಡನ ಮನೆಯಲ್ಲೂ ಮಗ್ಗವಂತೆ. ಕಂಕುಳಲ್ಲಿ ಕೂಸು.

"ಚೆನ್ನಾಗಿದೀರಾ ಸಾರ್? ಬ್ಯಾಂಡ್ ಐತಾ ಇನ್ನೂ?"

ಇದೆ ಎಂದೆ. ಈಗ ಹೇಳಿಬಿಡಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳು ತಲೆ ತಗ್ಗಿಸಿದಳು.

"ಅವತ್ತು ನಾನೇ ಎಲ್ಲಾ ಕೆಡಿಸ್ಬುಟ್ಟೆ ಸಾರ್. ನಿಮ್ ಮಕ ನೋಡೋ ಧೈರ್ಯನೇ ಇರ್ಲಿಲ್ಲ ನಂಗೆ. ಬೆಳಿಗ್ಗೆಯಿಂದ ಹೊಟ್ಟೆಗಿರ್ಲಿಲ್ಲ, ನೀವು ಏನೋ ಬಾಯಾಡಿಸ್ತಿದ್ರಿ, ಅದ್ನ ನೋಡಿ ಆಸೆ ಆಗ್ಬುಡ್ತು. ಆಸೆಬುರುಕಿ ನಾನು. ನೀವು ಅಷ್ಟು ಕಷ್ಟಪಟ್ಟು ಹೇಳ್ಕೊಟ್ಟಿದ್ರಿ. ಮಾಸ್ಟ್ರು ಕೆಲ್ಸನೂ ಹೋಯ್ತು ನನ್ನಿಂದ. ತಪ್ಪಾಯ್ತು ಸಾರ್."

ಸುತ್ತಲೂ ಜನ ತಳ್ಳಾಡುತ್ತಿದ್ದರು. ಕೂಸು ನನ್ನ ಕನ್ನಡಕಕ್ಕೆ ಕೈ ಚಾಚುತ್ತಿತ್ತು. ಹೇಳಲು ಎಲ್ಲ ಅವಕಾಶವೂ ಇತ್ತು. ನಾನು ಹೇಳಿದ್ದು ಇಷ್ಟು: "ಇರ್ಲಿ ಬಿಡಮ್ಮ. ಆಗೋಗಿದ್ದು ಯಾಕೀಗ."

ಅವಳ ಮುಖ ಹಗುರವಾಯಿತು. ಕೂಸಿನ ಕೈ ಹಿಡಿದು ನನಗೆ ಟಾಟಾ ಮಾಡಿಸಿದಳು.

ಫ್ಯಾನ್‌ಫೇರ್ ಮಾಸ್ಟ್ರು ಒಬ್ಬ ಬಡಾಯಿಗಾರ, ಹೇಡಿ. ತನ್ನ ಹೆಸರು ಉಳಿಸಿಕೊಳ್ಳಲು ಒಂದು ಮಗುವಿನ ಮೇಲೆ ಭಾರ ಹೊರಿಸಿದವನು. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಸಂತೆಯಲ್ಲಿ ನಿಂತು, ನಾನು ಮಾಡಿದ ತಪ್ಪಿಗೆ ಅವಳನ್ನು ಕ್ಷಮಿಸುವಷ್ಟು ಕೀಳುತನ ಆತನಿಗೂ ಇರಲಿಲ್ಲ. ಆತನ ಹತ್ತಿರ ಕ್ಷಮೆ ಕೇಳಿಯಾಯಿತು. ಕೇಳಬೇಕಾಗಿದ್ದವಳ ಹತ್ತಿರ ಕೇಳಲಿಲ್ಲ.

ಅವಳ ಹೆಸರು ಚೌಡೇಶ್ವರಿ.